ಪ್ರತಿಕ್ರಿಯೆ: ‘ಪಾಪ ಪಾಂಡು’ ಹಳೆಯ ತುಣುಕುಗಳಲ್ಲಿ ಬೇರೆ ಕಲಾವಿದರು ಕಾಣುತ್ತಿರುವುದು

‘ಪಾಪ ಪಾಂಡು’ ಹಾಸ್ಯ ಧಾರಾವಾಹಿಯ ಹಳೆಯ ತುಣುಕುಗಳಲ್ಲಿ ಬೇರೆ ಕಲಾವಿದರು ಏಕೆ ಕಾಣುತ್ತಾರೆ ಎಂದು ಕೇಳಿದ್ದೀರಿ. ಕಾಸರಗೋಡಿನ ಬದಿಯಡ್ಕದ ಕ್ಲಬ್ ವಾರ್ಷಿಕೋತ್ಸವಕ್ಕೆ ನೀವು ಜೋಡಿಸಿದ ವಿಡಿಯೊದಲ್ಲಿ ಎರಡು ಧಾರಾವಾಹಿಗಳು ಬೆರೆತಿರಬೇಕು. ಒಂದು ಈಟಿವಿ ಕನ್ನಡದ ಮೂಲ ‘ಪಾಪ ಪಾಂಡು’, ಇನ್ನೊಂದು 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಬಂದದ್ದು. ಪಾಂಡುವಾಗಿ ಚಿದಾನಂದ, ಪಾಂಡುವಿನ ಹೆಂಡತಿ ಶ್ರೀಮತಿಯಾಗಿ ಶಾಲಿನಿ ಎರಡರಲ್ಲೂ ಇದ್ದಾರೆ, ಬೇರೆಯಾಗಿ ಕಾಣುವವರು ಪೋಷಕ ನಟರು; ಗೊಂದಲ ಅಲ್ಲಿಂದಲೇ. ಇಷ್ಟು ವರ್ಷಗಳ ಮೇಲೂ ಅದೇ ಜೋಡಿಯನ್ನೇ ಕರೆತರಬೇಕಾಯಿತು ಎಂಬುದೇ ಆ ಹಾಸ್ಯದ ಗಟ್ಟಿತನ. ನಿರೂಪಣೆಯಲ್ಲಿ ಇದನ್ನು ಖಂಡಿತ ಹೇಳಿ.

ಮೊದಲು ಚಿತ್ರದ ಆಕಾರ ನೋಡಿ. ಹಳೆಯದು 4:3 (ಹಳೆಯ ಟಿವಿಯ ಚೌಕದಂಥ ಆಕಾರ), ಹೊಸದು 16:9 (ಈಗಿನ ಅಗಲ ಪರದೆ). ಕೆಲವರು ಹಳೆಯದನ್ನು ಎಳೆದು ಅಗಲ ಮಾಡಿ ಹಾಕಿರುತ್ತಾರೆ, ಮುಖಗಳು ಚಪ್ಪಟೆಯಾಗಿದ್ದರೆ ಅದೇ. ಆಮೇಲೆ ಧಾರಾವಾಹಿಯ ಹೆಸರಿನ ಜೊತೆ ‘ಈಟಿವಿ ಕನ್ನಡ’ ಎಂದು ಸೇರಿಸಿ ಅಂತರ್ಜಾಲದಲ್ಲಿ ಮತ್ತೆ ಹುಡುಕಿ, ಪೋಷಕ ನಟರ ಹೆಸರನ್ನು ಕಂತಿನಲ್ಲಿ ತೋರಿಸುವ ಕಲಾವಿದರ ಪಟ್ಟಿಯಿಂದಲೇ ಬರೆದುಕೊಳ್ಳಿ. ಎಡಿಟ್ ಮಾಡುವಾಗ 4:3 ಹಾಗೆಯೇ ಇರಲಿ, ಎರಡೂ ಬದಿ ಕಪ್ಪು ಪಟ್ಟಿ ಬಿಡಿ.

ತುಣುಕನ್ನು ಮಾತು ಮುಗಿದ ಕೂಡಲೇ ಕತ್ತರಿಸಬೇಡಿ. ಚಿದಾನಂದ ನಮ್ಮನ್ನು ನಗಿಸುವುದು ಮಾತಿನ ನಂತರದ ನೋಟದಲ್ಲಿ. ಎರಡು ಸೆಕೆಂಡು ಬಿಡಿ. ಮಲಯಾಳ ಮಾತ್ರ ತಿಳಿದವರೂ ಬರುವುದಾದರೆ ಕೆಳಗೆ ಒಂದು ಸಾಲು ಮಲಯಾಳ ಅನುವಾದ ಸಾಕು. ನಿರ್ದೇಶಕ ಸಿಹಿಕಹಿ ಚಂದ್ರು ಅವರ ಹೆಸರು ಮಾತ್ರ ಬಿಟ್ಟುಹೋಗದಿರಲಿ.