ಬೇವಿನ ಬೊಡ್ಡೆ ಕೀಳುವಾಗ ಪೈಪ್ ಕಿತ್ತು ಬಂದಿದೆ, ಗುಂಡಿ ಮುಚ್ಚಬಹುದಾ?

ನೀವು ಬರೆದದ್ದು ಇಷ್ಟು: ಕಲಬುರಗಿಯಲ್ಲಿ ಮನೆ ಮುಂದಿನ ಹಳೇ ಬೇವಿನ ಮರ ಕಡಿಸಿದ್ದೀರಿ. ಉಳಿದ ಬೊಡ್ಡೆ ಕೀಳಿಸಲು ಜೆಸಿಬಿ ಹಚ್ಚಿದಾಗ ಬೇರಿನ ಜೊತೆ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬಾಗಿಕೊಂಡು ಮೇಲೆ ಬಂದಿದೆ. ಹನಿ ನೀರೂ ಸೋರುತ್ತಿಲ್ಲ. ‘ಸತ್ತ ಲೈನ್ ಇದು, ಮುಚ್ಚಿಬಿಡೋಣ’ ಅಂತ ಆಪರೇಟರ್ ಅನ್ನುತ್ತಿದ್ದಾನೆ.

ಮುಚ್ಚಬೇಡ್ರಿ. ನಿಮ್ಮ ಓಣಿಗೆ ನಳದ ನೀರು ಬರುವ ದಿನದ ತನಕ ಗುಂಡಿ ತೆರೆದೇ ಇರಲಿ, ಸುತ್ತ ಮುಳ್ಳೋ ಹಗ್ಗವೋ ಕಟ್ಟಿಸ್ರಿ.

ನಾನು ಇದೇ ಊರಿನಲ್ಲಿ ಪ್ಲಂಬಿಂಗ್ ಗುತ್ತಿಗೆ ಹಿಡಿಯುವವ. ಸೋರದ ಪೈಪನ್ನು ಸತ್ತ ಲೈನ್ ಅನ್ನುವುದು ದಿನವಿಡೀ ನೀರಿರುವ ಊರಿನ ಲೆಕ್ಕ. ಇಲ್ಲಿ ಭೀಮಾ, ಬೆಣ್ಣೆತೊರೆ ಕಡೆಯಿಂದ ಬಂದ ನೀರನ್ನು ಟ್ಯಾಂಕಿಗೆ ತುಂಬಿ, ಬಹಳಷ್ಟು ಓಣಿಗಳಿಗೆ ಪಾಳಿ ಮೇಲೆ ಬಿಡುತ್ತಾರೆ. ನಡುವಿನ ದಿನಗಳಲ್ಲಿ ಜೀವಂತ ಲೈನೂ ಖಾಲಿಯೇ. (24 ತಾಸು ನೀರಿನ ಯೋಜನೆ ಇರುವ ವಾರ್ಡಿನಲ್ಲಿ ಆಗಿದ್ದರೆ ಒಡೆದ ಕೂಡಲೇ ಚಿಮ್ಮಿ ಆಪರೇಟರ್‌ನ ಮೈಯೇ ತೊಯ್ಯುತ್ತಿತ್ತು.) ನೀರು ಬಂದ ದಿನ ವ್ಯರ್ಥವಾಗಿ ಹರಿದರೆ ಕಣ್ಣಿಗಾದರೂ ಬೀಳುತ್ತದೆ. ನನಗೆ ಹೆದರಿಕೆ ನೀರು ನಿಂತ ಮೇಲಿನದು. ಲೈನಿನಲ್ಲಿ ಉಳಿದ ನೀರು ತಗ್ಗಿನ ಮನೆಗಳಿಗೆ ಇಳಿಯುತ್ತಾ ಹೊರಗಿನದನ್ನು ಪೈಪಿನೊಳಗೆ ಜಗ್ಗುತ್ತದೆ. ಅದರ ಮೇಲೆ ನಳಕ್ಕೇ ಮೋಟಾರ್ ಹಚ್ಚಿ ಎಳೆಯುವವರು ಓಣಿಗೊಬ್ಬರಾದರೂ ಇರುತ್ತಾರೆ. ಒಡೆದ ಜಾಗದಿಂದ ಗುಂಡಿಯ ರಾಡಿ, ಪಕ್ಕದ ಡ್ರೈನೇಜ್ ಚೇಂಬರಿನ ಹೊಲಸು ಎಲ್ಲ ಒಳಗೆ ಹೋಗಿ ಯಾರದೋ ಸಂಪಿನಲ್ಲಿ ಕೂಡುತ್ತದೆ. ವಾಂತಿಭೇದಿ ಶುರುವಾದಾಗ ನಿಮ್ಮ ಬೇವಿನ ಮರದ ನೆನಪು ಯಾರಿಗೂ ಇರುವುದಿಲ್ಲ.

ಹಂಗಂತ ಗುಂಡಿಯನ್ನಷ್ಟೇ ನೋಡಿ ಸಮಾಧಾನ ಪಡಬೇಡ್ರಿ. ಬೊಡ್ಡೆ ಕೀಳುವಾಗ ಪೈಪ್ ಒಡೆಯುವುದು ಬಕೆಟ್ ಹಲ್ಲು ತಾಗಿದಲ್ಲಿ ಮಾತ್ರ ಅಲ್ಲ. ಬೇರು ತಾನಾಗಿ ಗಟ್ಟಿ ಪೈಪನ್ನು ತೂತು ಮಾಡುವುದಿಲ್ಲ. ಜಾಯಿಂಟಿನಲ್ಲಿ ಸಣ್ಣಗೆ ತೇವ ಇದ್ದರೆ ಅದರ ಬೆನ್ನು ಹತ್ತಿ ಬರುತ್ತದೆ, ವರ್ಷ ಕಳೆದಂತೆ ಪೈಪನ್ನು ಹಾವಿನಂತೆ ಸುತ್ತಿಕೊಳ್ಳುತ್ತದೆ. ಏಳು ಟನ್‌ಗಿಂತ ಹೆಚ್ಚು ತೂಕದ ಯಂತ್ರ ಆ ಬೇರನ್ನು ಜಗ್ಗಿದಾಗ ಗುಂಡಿಯಿಂದ ಎರಡು ಮೂರು ಮೀಟರ್ ಆಚೆಗಿನ ಜಾಯಿಂಟ್ ಕಳಚಬಹುದು. ಹಳೇ ಜಿಐ ಆದರೆ ಚೂಡಿಯ (ತಿರುಪಿನ ಗೆರೆಗಳ) ಹತ್ತಿರ, ಚೀನಿಮಣ್ಣಿನ ಡ್ರೈನೇಜ್ ಪೈಪ್ ಆದರೆ ಕಾಲರ್ ಹತ್ತಿರ. ನೀರು ಬಂದ ದಿನ ರಸ್ತೆ ಕಡೆಯ ಮಣ್ಣು ತೊಯ್ಯುತ್ತದಾ, ಮಗ್ಗಲು ಮನೆಯವರಿಗೆ ನೀರಿನ ಜೋರು ಕಡಿಮೆಯಾಯಿತಾ ನೋಡ್ರಿ. ಡ್ರೈನೇಜ್ ಪರೀಕ್ಷೆಗೆ ನಳ ಬರುವ ತನಕ ಕಾಯಬೇಕಿಲ್ಲ. ಮನೆ ಚೇಂಬರಿಗೆ ಒಂದೆರಡು ಬಕೆಟ್ ನೀರು ಸುರಿದು ಮುಂದಿನ ಚೇಂಬರಿನಲ್ಲಿ ಅಷ್ಟೂ ಇಳಿಯುತ್ತದಾ ನೋಡಿದರೆ ಸಾಕು.

ಕಿತ್ತು ಬಂದ ಪೈಪ್ ನಿಮ್ಮ ಮನೆಯ ಕನೆಕ್ಷನ್ ಆಗಿದ್ದರೆ ಪ್ಲಂಬರ್‌ನನ್ನು ಕರೆಸಿ ಬಾಗಿದ ತುಂಡು ಪೂರ್ತಿ ತೆಗೆಸಿ ಹೊಸದು ಹಾಕಿಸ್ರಿ. ಸೈಕಲ್ ಟ್ಯೂಬ್ ಸುತ್ತುವುದು ನಮ್ಮೂರಿನ ಹಳೇ ಚಟ. ಒಳಗಿನಿಂದ ಒತ್ತಡ ಇರುವಾಗ ಅದು ತಡೆದೀತು, ಪೈಪ್ ಖಾಲಿಯಾಗಿ ಒಳಗೆ ಎಳೆದುಕೊಳ್ಳುವಾಗ ತಡೆಯುವುದಿಲ್ಲ. ಓಣಿಯ ದೊಡ್ಡ ಲೈನ್ ಆಗಿದ್ದರೆ ಖಾಸಗಿಯವರ ಕೈ ಹಚ್ಚಿಸದೆ ಫೋಟೋ ತೆಗೆದು ನೀರು ಬಿಡುವವರಿಗೆ ಮೊದಲು ತಿಳಿಸ್ರಿ. ಬೂದಿ ಬಣ್ಣದ ಹಳೇ ಸಿಮೆಂಟ್ ಪೈಪ್ ಕಂಡರೆ ಒಣ ಗ್ರೈಂಡರ್ ಹಚ್ಚಲು ಬಿಡಬೇಡ್ರಿ, ಅದು ಆಸ್ಬೆಸ್ಟಾಸ್ ಇರಬಹುದು, ಧೂಳು ಎದೆಗೆ ಕೆಟ್ಟದ್ದು. ರಿಪೇರಿಯಾದ ಮೇಲೆ ಮೊದಲ ಸಲ ಬಂದ ನೀರನ್ನು ಸಂಪಿಗೆ ಬಿಡದೆ ತಿಳಿಯಾಗುವ ತನಕ ಹೊರಗೆ ಹರಿಸ್ರಿ.

ಕೆಂಪು ಟೇಪೋ ಸಾಲಾಗಿ ಜೋಡಿಸಿದ ಇಟ್ಟಿಗೆಯೋ ಕಂಡರೆ ಕೆಳಗೆ ಕರೆಂಟ್ ಕೇಬಲ್ ಇದೆ ಅಂತ ತಿಳಕೊಂಡು ಕೆಲಸ ನಿಲ್ಲಿಸ್ರಿ. ಬಕೆಟ್ ಅದಕ್ಕೆ ತಾಗಿಯೇ ಬಿಟ್ಟರೆ ಆಪರೇಟರ್ ಕೆಳಗಿಳಿಯಬಾರದು, ಯಾರೂ ಯಂತ್ರದ ಹತ್ತಿರ ಹೋಗಬಾರದು. 1912ಕ್ಕೆ ಫೋನ್ ಮಾಡಿ ಜೆಸ್ಕಾಂನವರಿಂದ ಕರೆಂಟ್ ತೆಗೆಸಬೇಕು. ಹಳದಿ ಪೈಪ್ ಗ್ಯಾಸಿನದು ಇರಬಹುದು. ಅದು ಒಡೆದರೆ ಬೀಡಿ, ಸ್ವಿಚ್ ಯಾವುದೂ ಬೇಡ, ಎಲ್ಲರೂ ದೂರ ಸರಿಯಬೇಕು.

ಅಗೆಯುವ ಮುಂಚೆ ತಿಳಿಸಲು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ರಸ್ತೆ ಬದಿ ಅಗೆಯುವವರಿಗೆ ಒಳ್ಳೆಯದೇ. ಆದರೆ ನಿಮ್ಮ ಕಂಪೌಂಡಿನೊಳಗೆ ಮನೆ ಕಟ್ಟಿದ ಗೌಂಡಿ ಎಲ್ಲಿ ತಿರುವು ಕೊಟ್ಟು ಪೈಪ್ ಹಾಕಿದ್ದಾನೆ ಅನ್ನುವುದು ಯಾವ ಆ್ಯಪಿಗೂ ಗೊತ್ತಿರುವುದಿಲ್ಲ. ಅದಕ್ಕಿಂತ ಮಗ್ಗಲು ಮನೆಯ ಹಿರಿಯರನ್ನು ಕೇಳ್ರಿ, ಮೀಟರಿನಿಂದ ಸಂಪಿನ ತನಕ, ಚೇಂಬರಿನಿಂದ ಚೇಂಬರಿನ ತನಕ ನೆಲದ ಮೇಲೆ ಸುಣ್ಣದ ಗೆರೆ ಎಳೀರಿ.

ಉಳಿದ ಬೊಡ್ಡೆಗೆ ಮತ್ತೆ ಜೆಸಿಬಿ ಹಚ್ಚುವುದಾದರೆ ಮೊದಲು ಕೂಲಿಯವರಿಂದ ಸುತ್ತ ಅಗೆಸಿ, ದಪ್ಪ ಬೇರುಗಳ ಎರಡೂ ಮಗ್ಗಲು ಕಂಡ ಮೇಲೆ ಕೊಡಲಿಯಿಂದ ಕಡಿಸ್ರಿ. ಯಂತ್ರ ಬೊಡ್ಡೆಯನ್ನು ಎತ್ತಬೇಕೇ ಹೊರತು ಬೇರನ್ನು ಜಗ್ಗಬಾರದು. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಬಿರಿದು ಕಲ್ಲಾಗಿರುತ್ತದೆ, ಪೈಪ್ ಅದರ ಹೆಂಟೆಯ ಜೊತೆಗೇ ಮೇಲೆ ಬರುತ್ತದೆ. ಮಳೆಗಾಲದಲ್ಲಿ ಯಂತ್ರವೇ ಹೂಳುತ್ತದೆ. ದೀಪಾವಳಿ ಆಸುಪಾಸು, ನೆಲದಲ್ಲಿ ಅಷ್ಟಿಷ್ಟು ಹಸಿ ಇರುವಾಗ ಮಾಡಿಸಿದರೆ ಸಲೀಸು. ಗುಂಡಿ ತುಂಬುವಾಗ ಪೈಪಿನ ಸುತ್ತ ಮರಳೋ ಕ್ರಷರ್ ಪುಡಿಯೋ ಹಾಕಿ, ಮೇಲೆ ಮುರುಮ್ (ಗರಸು ಮಣ್ಣು) ಪದರ ಪದರವಾಗಿ ದಮ್ಮಸ್ಸು ಹೊಡೆಸ್ರಿ. ತೆಗೆದ ಎರೆಮಣ್ಣನ್ನೇ ತುಂಬಿದರೆ ಅದು ಉಬ್ಬಿ ಕುಗ್ಗಿ ಹೊಸ ಜಾಯಿಂಟನ್ನೂ ಕಳಚುತ್ತದೆ.

ಪೈಪುಗಳು ಬೊಡ್ಡೆಗೆ ತೀರಾ ಹೆಣೆದುಕೊಂಡಿದ್ದರೆ ಕೀಳುವುದನ್ನೇ ಬಿಡ್ರಿ. ನೆಲದಿಂದ ಒಂದು ಅಡಿ ಕೆಳಗೆ ಕೊಯ್ಯಿಸಿ ಮಣ್ಣು ಎಳೆಸಿದರಾಯಿತು. ಬೇವು ಚಿಗುರುವ ಜಾತಿ, ಚಿಗುರಿದಾಗೆಲ್ಲ ಮುರಿದು ಹಾಕಬೇಕು. ಅದನ್ನು ಸಾಯಿಸಲು ಡೀಸೆಲ್, ಸೀಮೆಎಣ್ಣೆ ಸುರಿಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ, ಕೇಳಬೇಡ್ರಿ. ಈಗಿನ ಕರಿ ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪ್ ಒಡೆಯದಿದ್ದರೂ ಆ ಎಣ್ಣೆ ಅದರ ಗೋಡೆಯೊಳಗಿಂದಲೇ ನುಸುಳಿ ಕುಡಿಯುವ ನೀರಿಗೆ ಸೇರಬಹುದು.