ಸಾಂಟಿಯಾಗೊ ತಲುಪಿದ ಮೇಲೆ ಮುಂದೇನು?

ಸ್ಪೇನಿನ ಕಾಮಿನೊ ಎಂಬ ಯಾತ್ರೆಯ ನಡಿಗೆ ಮುಗಿಸಿ, ಅದರ ಕೊನೆಯ ಊರು ಸಾಂಟಿಯಾಗೊ ತಲುಪಿದ ಮರುದಿನವೇ ವಿಮಾನ ಹತ್ತಬಹುದಾ, ಇಲ್ಲ ಸಮುದ್ರದಂಚಿನ ಫಿನಿಸ್ಟೆರೆವರೆಗೂ ನಡೆಯಬೇಕಾ ಅಂತ ಕೇಳಿದ್ದೀರಿ. ಮರುದಿನವೇ ಮಾತ್ರ ಹೊರಡಬೇಡಿ. ವಾರಗಟ್ಟಲೆ ಬೆಳಗಾದರೆ ನಡೆಯುವುದೇ ಕೆಲಸವಾಗಿರುತ್ತದೆ. ಅದು ಒಮ್ಮೆಲೇ ನಿಂತಾಗ ಖುಷಿಗಿಂತ ಒಂಥರಾ ಖಾಲಿತನವೇ ಜಾಸ್ತಿ ಕಾಡಬಹುದು. ಬಹಳ ಜನಕ್ಕೆ ಹಾಗಾಗುತ್ತದೆ, ಗಾಬರಿಯಾಗಬೇಡಿ.

ಮೊದಲ ದಿನ ಯಾತ್ರಿಕರ ಕಚೇರಿಗೆ ಹೋಗಿ. ದಾರಿಯುದ್ದಕ್ಕೂ ಮುದ್ರೆ ಒತ್ತಿಸಿದ ಯಾತ್ರಿಕರ ಪುಸ್ತಕ ತೋರಿಸಿದರೆ, ಯಾತ್ರೆ ಮುಗಿಸಿದ್ದಕ್ಕೆ ‘ಕಂಪೋಸ್ಟೆಲಾ’ ಪ್ರಮಾಣಪತ್ರ ಕೊಡುತ್ತಾರೆ. ನಡೆದು ಬಂದವರಿಗೆ ಕನಿಷ್ಠ 100 ಕಿ.ಮೀ. ಆಗಿರಬೇಕು. ಅಲ್ಲಿನ ದೊಡ್ಡ ಚರ್ಚು, ಅಂದರೆ ಕೆಥೆಡ್ರಲ್ ಒಳಗೆ ದೊಡ್ಡ ಬ್ಯಾಗ್ ಬಿಡುವುದಿಲ್ಲ, ಹಾಗಾಗಿ ಅದನ್ನು ಮೊದಲು ರೂಮಿನಲ್ಲಿ ಇಟ್ಟುಬಿಡಿ. ಇನ್ನೊಂದು ವಿಷಯ. ಅಲ್ಲಿ ಹಗ್ಗಕ್ಕೆ ಕಟ್ಟಿ ಉಯ್ಯಾಲೆಯಂತೆ ತೂಗುವ ದೊಡ್ಡ ಧೂಪದ ಪಾತ್ರೆ, ಬೊಟಾಫುಮೆಯ್ರೊ, ಇದೆಯಲ್ಲ, ಅದನ್ನು ದಿನಾ ತೂಗುವುದಿಲ್ಲ. ಅದನ್ನೇ ನೆಚ್ಚಿಕೊಂಡು ಹೋದರೆ ಬೇಜಾರಾದೀತು.

ಫಿನಿಸ್ಟೆರೆ ಅಲ್ಲಿಂದ ಸುಮಾರು 90 ಕಿ.ಮೀ. ನಾಲ್ಕೈದು ದಿನ ರಜೆ ಉಳಿದಿದ್ದು ಮೊಣಕಾಲು ಸರಿಯಿದ್ದರೆ ಖಂಡಿತ ನಡೆಯಿರಿ. ದಾರಿಯಲ್ಲಿ ಜನ ಕಮ್ಮಿ, ಕೊನೆಗೆ ಸಮುದ್ರ. ಕಾಲು ನೋಯುತ್ತಿದ್ದರೆ ಸುಮ್ನೆ ಬಸ್ಸಿನಲ್ಲಿ ಹೋಗಿ ಬನ್ನಿ, ಅದರಲ್ಲೇನೂ ತಪ್ಪಿಲ್ಲ. ಅಲ್ಲಿ ಹಳೇ ಬಟ್ಟೆ, ಬೂಟು ಸುಡುವ ರೂಢಿಯ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಣಹುಲ್ಲಿಗೆ ಬೆಂಕಿ ಹತ್ತುವ ಜಾಗ ಅದು.