ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ವಿಮಾನದ ದೂರ ಎಷ್ಟು?

ಪ್ರಶ್ನೆ: ಟೋಕಿಯೊ ಮತ್ತು ಲಾಸ್ ಏಂಜಲೀಸ್ ನಡುವಿನ ವಿಮಾನದ ದೂರ ಸುಮಾರು 8,800 ಕಿ.ಮೀ. ಎಂದು ಓದಿದೆ. ಎರಡೂ ನಗರಗಳು ಹೆಚ್ಚುಕಡಿಮೆ 35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆ ರೇಖೆಯ ಗುಂಟ ನೇರವಾಗಿ ಲೆಕ್ಕ ಹಾಕಿದರೆ 9,300 ಕಿ.ಮೀ. ಬರುತ್ತದೆ. ನೇರ ದಾರಿಗಿಂತ ಹತ್ತಿರದ ದಾರಿ ಇರಲು ಹೇಗೆ ಸಾಧ್ಯ? ಹೋಗುವುದಕ್ಕಿಂತ ಮರಳಲು ಹೆಚ್ಚು ಹೊತ್ತು ಹಿಡಿಯುವುದೇಕೆ?

ಉತ್ತರ: ನಿಮ್ಮ ಗುಣಾಕಾರ ಸರಿಯಾಗಿಯೇ ಇದೆ; ನೀವು ನೇರವೆಂದು ನಂಬಿದ ರೇಖೆ ಮಾತ್ರ ನೇರವಲ್ಲ. ಚಪ್ಪಟೆ ಭೂಪಟದಲ್ಲಿ ನೆಟ್ಟಗೆ ಕಾಣುವ ಅಕ್ಷಾಂಶ ರೇಖೆಗಳಲ್ಲಿ ಸಮಭಾಜಕವೊಂದನ್ನು ಬಿಟ್ಟು ಉಳಿದವೆಲ್ಲ ಗೋಳದ ಮೇಲೆ ಸುತ್ತುದಾರಿಗಳೇ. ಗೋಳದ ಮೇಲಿನ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿಯೆಂದರೆ, ಆ ಎರಡರ ಮೂಲಕವೂ ಹಾದುಹೋಗುವ ಮತ್ತು ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಮಹಾವೃತ್ತದ ತುಣುಕು. ಗ್ಲೋಬ್ ಇದ್ದರೆ ಎರಡೂ ನಗರಗಳ ಮೇಲೆ ದಾರವನ್ನಿಟ್ಟು ಬಿಗಿಯಾಗಿ ಎಳೆದು ನೋಡಿ: ದಾರವು ಉತ್ತರಕ್ಕೆ ಸರಿದು, ಅರ್ಧ ದಾರಿಯಲ್ಲಿ ಸುಮಾರು 48 ಡಿಗ್ರಿ ಅಕ್ಷಾಂಶವನ್ನು, ಅಂದರೆ ಅಲ್ಯೂಷಿಯನ್ ದ್ವೀಪಗಳ ದಕ್ಷಿಣದ ಕಡಲನ್ನು ತಲುಪುತ್ತದೆ. ನೀವು ಓದಿದ 8,800 ಕಿ.ಮೀ. ಈ ದಾರಿಯ ಉದ್ದ.

ವಿಮಾನವು 11 ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದೂರ ಬಹಳ ಹೆಚ್ಚುತ್ತದೆ ಎಂದು ಕೆಲವರು ಭಾವಿಸುವುದುಂಟು. ಭೂಮಿಯ ಸರಾಸರಿ ತ್ರಿಜ್ಯವೇ 6,371 ಕಿ.ಮೀ. ಆಗಿರುವಾಗ, ಇಷ್ಟು ದೀರ್ಘ ಪ್ರಯಾಣದಲ್ಲಿಯೂ ಅದರಿಂದ ಕೂಡುವುದು 15 ಕಿ.ಮೀ. ಮಾತ್ರ.

ಹಾಗೆಂದು ವಿಮಾನ ಈ ಗೆರೆಯನ್ನೇ ಹಿಡಿದು ಹೋಗುತ್ತದೆ ಎಂದಲ್ಲ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹವಿದ್ದು, ಚಳಿಗಾಲದಲ್ಲಿ ಜಪಾನಿನ ಸುತ್ತಮುತ್ತ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದು ಅಪರೂಪವೇನಲ್ಲ. ಅಮೆರಿಕದತ್ತ ಹೋಗುವಾಗ ಅದು ವಿಮಾನವನ್ನು ಹಿಂದಿನಿಂದ ನೂಕುವುದರಿಂದ ಪ್ರಯಾಣ ಸುಮಾರು 10 ಗಂಟೆಗಳಲ್ಲಿ ಮುಗಿಯುತ್ತದೆ. ಮರಳುವಾಗ ಅದೇ ಗಾಳಿ ಎದುರಾಗಿ ಒಂದೂವರೆ, ಎರಡು ಗಂಟೆ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಮಾರ್ಗ ನಿರ್ಧರಿಸುವವರು ಕಿಲೋಮೀಟರಿಗಿಂತ ಇಂಧನವನ್ನೂ ಸಮಯವನ್ನೂ ಲೆಕ್ಕ ಹಾಕುತ್ತಾರೆ. ಗಾಳಿಯ ಲಾಭ ಸಿಗುವುದಾದರೆ ನೂರಾರು ಕಿಲೋಮೀಟರ್ ಸುತ್ತುವುದಕ್ಕೂ ಹಿಂಜರಿಯುವುದಿಲ್ಲ.

ಕೆಲವೊಮ್ಮೆ ರಾಜಕೀಯವೂ ದೂರವನ್ನು ಹಿಗ್ಗಿಸುತ್ತದೆ. 2022ರಲ್ಲಿ ರಷ್ಯಾದ ವಾಯುಪ್ರದೇಶವು ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ, ಹೆಲ್ಸಿಂಕಿಯಿಂದ ಟೋಕಿಯೊಗೆ 9 ಗಂಟೆಗಳ ಆಸುಪಾಸಿನಲ್ಲಿದ್ದ ಪ್ರಯಾಣವು ಸುಮಾರು 13 ಗಂಟೆಗೆ ಬೆಳೆಯಿತು. ನಗರಗಳು ಇದ್ದಲ್ಲೇ ಇವೆ.

ಪ್ರಶ್ನೆ: ಎರಡು ನಗರಗಳ ನಡುವೆ ಹೆಚ್ಚೆಂದರೆ ಎಷ್ಟು ದೂರ ಇರಬಹುದು? ಅಷ್ಟು ದೂರ ನಿಲ್ಲದೆ ಹಾರುವ ವಿಮಾನವಿದೆಯೇ?

ಉತ್ತರ: ಭೂಮಿಯ ಸುತ್ತಳತೆಯ ಅರ್ಧ, ಅಂದರೆ ಸುಮಾರು 20,000 ಕಿ.ಮೀ. ಅದಕ್ಕಿಂತ ಹೆಚ್ಚಾದರೆ ಇನ್ನೊಂದು ದಿಕ್ಕಿನ ದಾರಿಯೇ ಹತ್ತಿರವಾಗುತ್ತದೆ. ನಿಲ್ಲದೆ ಹಾರುವ ಅತಿ ದೀರ್ಘ ಪ್ರಯಾಣಿಕ ಸೇವೆಗಳಲ್ಲಿ ಒಂದಾದ ಸಿಂಗಪುರ–ನ್ಯೂಯಾರ್ಕ್ ಮಾರ್ಗದ ದೂರ ಸುಮಾರು 15,300 ಕಿ.ಮೀ. 1989ರಲ್ಲಿ ಕ್ವಾಂಟಾಸ್ ಸಂಸ್ಥೆಯ ಹೊಸ ಬೋಯಿಂಗ್ 747-400 ವಿಮಾನವೊಂದು, ಸುಮಾರು 17,000 ಕಿ.ಮೀ. ಅಂತರದ ಲಂಡನ್–ಸಿಡ್ನಿ ನಡುವೆ ಎಲ್ಲಿಯೂ ಇಳಿಯದೆ 20 ಗಂಟೆಗಳಲ್ಲಿ ಹಾರಿತ್ತು. ಆದರೆ ಅದು ಟಿಕೆಟ್ ಮಾರಿದ ಹಾರಾಟವಾಗಿರಲಿಲ್ಲ.